ಬಾಗಿಲ ಸಂದಿಯ ಹಸಿ ಚೀಲ

ದೇವದುರ್ಗದ ನಮ್ಮ ಮನೆಯಲ್ಲಿ ಮುಂಬಾಗಿಲಿಗಿಂತ ಹಿತ್ತಲ ಬಾಗಿಲೇ ಹೆಚ್ಚು ಸವೆದಿತ್ತು. ಮುಂದೆ ಒಂದು ಪಡಸಾಲೆ, ಅದರ ಹಿಂದೆ ಅಡುಗೆಮನೆ, ಅಲ್ಲಿಂದ ಎರಡು ಮೆಟ್ಟಿಲು ಇಳಿದರೆ ಹಿತ್ತಲು. ಅವ್ವ ಅಲ್ಲೇ ಪಾತ್ರೆ ತಿಕ್ಕುತ್ತಿದ್ದಳು. ಅಪ್ಪನ ತಾಯಿ, ನಾವು ಆಯಿ ಎಂದು ಕರೆಯುತ್ತಿದ್ದವಳು, ಬೇವಿನ ಮರದ ಕೆಳಗೆ ಕೂತು ಜೋಳ ಹಸನು ಮಾಡುತ್ತಿದ್ದಳು. ಅಕ್ಕ ಹುಲಿಗೆಮ್ಮ ಮತ್ತು ನಾನು ಅಲ್ಲೇ ಪರಸಿಕಲ್ಲಿನ ಮೇಲೆ ಪಾಟಿಚೀಲ ಬಿಚ್ಚುತ್ತಿದ್ದೆವು. ಅಪ್ಪ ಮಾನ್ವಿಯ ಒಂದು ಹಾಸ್ಟೆಲ್ಲಿನಲ್ಲಿ ಅಡುಗೆಯವನು. ಭಾನುವಾರಕ್ಕೊಮ್ಮೆ ಬಂದು ಸೋಮವಾರ ಮೊದಲ ಬಸ್ಸಿಗೆ ಹೋಗಿಬಿಡುತ್ತಿದ್ದ. ಹಾಗಾಗಿ ವಾರದ ಉಳಿದ ದಿನ ನಮ್ಮದು ನಾಲ್ಕು ಹೆಂಗಸರ ಮನೆ. ಆ ಮನೆಯಲ್ಲಿ ಆಯಿ ಆಡಿದ್ದೇ ಕೊನೆಯ ಮಾತು.

ಹಿತ್ತಲಿನ ಮೂಲೆಯಲ್ಲೊಂದು ಖೋಲಿ ಇತ್ತು. ಕುಳ್ಳು, ಕಟ್ಟಿಗೆ, ತೊಗರಿಯ ಒಣಗಿದ ಕಡ್ಡಿ ಇಡುವ ಜಾಗ. ಕಿಟಕಿ ಇಲ್ಲ, ಗೋಡೆಯ ಮೇಲ್ಗಡೆ ಅಂಗೈ ಅಗಲದ ಒಂದು ಬೆಳಕಿಂಡಿ ಮಾತ್ರ. ಬಾಗಿಲಿಗೆ ಒಳಗಿನಿಂದ ಚಿಲಕವೂ ಇರಲಿಲ್ಲ. ಕುಳ್ಳಿಗೆ ಒಳಚಿಲಕ ಯಾಕೆ ಬೇಕು? ಹೊರಗಿನಿಂದ ಒಂದು ಸರಪಳಿ ಹಾಕಿದರೆ ಮುಗಿಯಿತು. ಬಾಗಿಲ ಹಲಗೆ ಕೆಳಗಡೆ ತಿಂದುಹೋಗಿ ನೆಲಕ್ಕೂ ಅದಕ್ಕೂ ನಾಲ್ಕು ಬೆರಳು ಸಂದಿ. ಆ ಖೋಲಿಯ ಗೋಡೆಗೇ ಆತುಕೊಂಡು ಕಲ್ಲು ಮಣ್ಣಿನಲ್ಲಿ ಕಟ್ಟಿದ ಕೋಳಿ ಗೂಡು. ಅವ್ವನ ಏಳು ಹ್ಯಾಟೆಗಳು, ಒಂದು ಹುಂಜ, ಲೆಕ್ಕಕ್ಕೆ ಸಿಗದಷ್ಟು ಮರಿಗಳು ಅದರಲ್ಲಿ ಮಲಗುತ್ತಿದ್ದವು.

ಆ ವರ್ಷ ಇಲಿಗಳು ಬಂದವು. ಮೊದಲು ಗೂಡಿನ ಮುಂದೆ ಚೆಲ್ಲಿದ ನುಚ್ಚಿಗೆ ಬಂದವು, ಆಮೇಲೆ ತತ್ತಿಗೆ, ಆಮೇಲೆ ಮರಿಗಳಿಗೆ. ಬೆಳಿಗ್ಗೆ ಗೂಡಿನ ಹಲಗೆ ಸರಿಸಿದರೆ ಹ್ಯಾಟೆ ಕಾವಿಗೆ ಕೂತೇ ಇರುತ್ತಿತ್ತು, ಅದರ ಹೊಟ್ಟೆಯ ಕೆಳಗೆ ಬರೀ ಸೊಪ್ಪೆ. ಅವ್ವ ಬೋನು ಇಟ್ಟಳು. ಒಂದು ದಿನ ಒಂದು ಬಿತ್ತು, ಮರುದಿನದಿಂದ ಒಂದೂ ಹತ್ತಿರ ಸುಳಿಯಲಿಲ್ಲ. ಪಕ್ಕದ ಮನೆಯ ಬಾನುಬಿ ತನ್ನ ಬೆಕ್ಕನ್ನು ಕಾಂಪೌಂಡಿನ ಮೇಲಿಂದ ದಾಟಿಸಿದಳು. ಅದು ಹೆಗ್ಗಣಗಳ ಗಾತ್ರ ನೋಡಿ ಬೇವಿನ ಮರ ಹತ್ತಿ ಕೂತಿತು.

"ನಿಮ್ಮ ಬಿಲ್ಲಿ ಬಲು ಮರ್ಯಾದಿ ಉಳ್ಳದ್ದು ಬೇ ಬಾನೂ," ಅಂದಳು ಆಯಿ. "ಬ್ಯಾರೆಯವರ ಮನಿ ಇಲಿ ಮುಟ್ಟಂಗಿಲ್ಲ."

"ಅದು ಹಾಲು ಕುಡದು ಬೆಳದದ ಯವ್ವಾ. ನಿಮ್ಮ ಇಲಿ ಮಾಂಸ ತಿಂದು ಬೆಳದಾವ. ಹ್ಯಾಂಗ ಜಗಳಾ ಮಾಡ್ತದ?"

ಪಾಷಾಣ ಇಡೋಣವೆಂದರೆ ಆಯಿ ಒಪ್ಪಲಿಲ್ಲ. ಕೋಳಿ ಕಂಡದ್ದನ್ನೆಲ್ಲ ಕುಕ್ಕುವ ಪ್ರಾಣಿ, ಹಿತ್ತಲಲ್ಲಿ ವಿಷ ಇಟ್ಟರೆ ಮೊದಲು ಸಾಯುವುದು ಅವೇ ಎಂದಳು. ಅದು ಸರಿಯಾದ ಮಾತೇ. ನಮ್ಮ ಆಯಿ ದಡ್ಡಿಯಲ್ಲ, ಕ್ರೂರಿಯೂ ಅಲ್ಲ. ಮುಂದೆ ಬರೆಯುವುದನ್ನು ಓದುವಾಗ ಇದು ನೆನಪಿರಲಿ.

ಇಲಿಗಳ ಕಾಟ ಹೀಗೆ ನಡೆದಿರುವಾಗಲೇ ಹುಲಿಗಿ ದೊಡ್ಡಾಕಿಯಾದಳು. ಅವಳಿಗೆ ಹದಿಮೂರು, ನನಗೆ ಒಂಬತ್ತು. ಮೊದಲ ಸಲ ಹೊರಗಾದ ಹುಡುಗಿಯನ್ನು ಒಂಬತ್ತು ದಿನ ಮೂಲೆಗೆ ಕೂಡಿಸುವುದು ನಮ್ಮ ಓಣಿಯ ಎಲ್ಲ ಮನೆಗಳ ಪದ್ಧತಿ. ನಮ್ಮ ಮನೆಯಲ್ಲಿ ಮೂಲೆ ಎಂದರೆ ಹಿತ್ತಲ ಖೋಲಿ. ಕುಳ್ಳುಗಳನ್ನು ಒಂದು ಬದಿಗೆ ಒಟ್ಟಿ, ನೆಲ ಸಾರಿಸಿ, ಚಾಪೆ ಹಾಸಿದರು. ಅವಳಿಗೇ ಬೇರೆ ಗಂಗಾಳ, ಬೇರೆ ಹಿತ್ತಾಳೆ ಚರಿಗೆ. ದೃಷ್ಟಿ ಬೀಳಬಾರದೆಂದು ತಲೆದೆಸೆಗೆ ಕುಡಗೋಲು. ಯಾರೂ ಇಣುಕಬಾರದೆಂದು ಆಯಿ ಬೆಳಕಿಂಡಿಗೆ ಹಳೆ ಸೀರೆಯ ತುಂಡು ತುರುಕಿದಳು. ಗಂಡಸರು ಅವಳನ್ನು ನೋಡಬಾರದು, ಅವಳ ದನಿಯೂ ಗಂಡಸರ ಕಿವಿಗೆ ಬೀಳಬಾರದು, ನಾವ್ಯಾರೂ ಅವಳನ್ನು ಮುಟ್ಟಬಾರದು. ನಾಯಿ ನುಗ್ಗದಂತೆ ಹೊರಗಿನ ಸರಪಳಿ ಹಾಕುವ ಕೆಲಸ ನನ್ನದು. ಕಲ್ಲಿನ ಮೇಲೆ ನಿಂತರೆ ನನಗೆ ಕೊಂಡಿ ಎಟುಕುತ್ತಿತ್ತು. ಅದು ನನಗೆ ಹೆಮ್ಮೆಯ ಕೆಲಸವಾಗಿತ್ತು.

ಊಟ ಮಾತ್ರ ಹಬ್ಬದ್ದು. ಸಜ್ಜಕ, ಕೊಬ್ಬರಿ ಬೆಲ್ಲ, ತುಪ್ಪ. ಎಲ್ಲಕ್ಕಿಂತ ಮುಖ್ಯವಾದದ್ದು ದಿನಾ ಬೆಳಿಗ್ಗೆ ಎಳ್ಳೆಣ್ಣೆಯಲ್ಲಿ ಒಡೆದು ಹಾಕಿದ ಒಂದು ಹಸಿ ತತ್ತಿ. ಸೊಂಟ ಗಟ್ಟಿಯಾಗಲು ಅದು ಬೇಕೇ ಬೇಕು ಎಂದು ಆಯಿಯ ಹಟ. ಹುಲಿಗಿ ಮೂಗು ಹಿಡಿದು ನುಂಗುತ್ತಿದ್ದಳು, ನಾನು ಬಾಗಿಲ ಸಂದಿಯಲ್ಲಿ ಕೆನ್ನೆ ಹಚ್ಚಿ ನೋಡಿ ನಗುತ್ತಿದ್ದೆ. ನಾವಿಬ್ಬರೂ ಸೇರಿ ಒಂದು ಆಟ ಕಟ್ಟಿಕೊಂಡೆವು. ಅವಳು ಚರಿಗೆಯನ್ನು ನೆಲದ ಪರಸಿಗೆ ಒಂದು ಸಲ ಬಡಿದರೆ ನೀರು ಬೇಕು. ಎರಡು ಸಲ ಬಡಿದರೆ ಮಾತಾಡಲು ಬಾ. ಮೂರು ಸಲ ಬಡಿದರೆ ಹೊರಗೆ ಹೋಗಬೇಕು, ಸರಪಳಿ ತೆಗೆ. ದನಿ ಎತ್ತಬೇಡ ಎಂದವರ ಮನೆಯಲ್ಲಿ ಅವಳಿಗೆ ಉಳಿದ ದನಿ ಆ ಚರಿಗೆ.

ಮೂರನೆಯ ದಿನ ಎರಡು ಬಡಿತ ಕೇಳಿ ಹೋದೆ.

"ಸಣ್ಣಿ, ಇಲ್ಲಿ ಕುಳ್ಳಿನ ಹಿಂದಿಂದ ಇಲಿ ಬರಾಕತ್ತಾವ. ನನ್ನ ಕಾಲ ಮ್ಯಾಲ ಒಂದು ಓಡ್ತು."

ಇದನ್ನು ಅವ್ವನಿಗೆ ಹೇಳಿದೆ. ಅವ್ವ ಬಾಗಿಲ ಹೊರಗೇ ನಿಂತು, ಬಿಲಕ್ಕೆ ಕಲ್ಲು ತುರುಕಿಕೋ ಎಂದಳು. ಹುಲಿಗಿ ತುರುಕಿದಳು. ಕುಳ್ಳಿನ ಒಟ್ಟಿಲ ಹಿಂದೆ ಇನ್ನೂ ಎಷ್ಟು ಬಿಲ ಇವೆ ಎಂದು ಒಳಗೆ ಹೋಗಿ ನೋಡುವವರು ಯಾರು? ಒಂಬತ್ತು ದಿನ ಯಾರೂ ಆ ಹೊಸ್ತಿಲು ದಾಟುವಂತಿರಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಗೂಡಿನಲ್ಲಿ ಒಂದು ತತ್ತಿಯೂ ಇರಲಿಲ್ಲ. ಆಯಿ ಬರಿಗೈಯಲ್ಲಿ ಗೂಡಿನ ಮುಂದೆ ನಿಂತು ತೀರ್ಮಾನ ಮಾಡಿದಳು. ಮೊಮ್ಮಗಳ ಬಾಯಿಗೆ ಬೀಳುವ ತತ್ತಿ ಇಲಿ ತಿನ್ನುವುದಾದರೆ, ಇಲಿ ಅವಳ ಕಾಲ ಮೇಲೆಯೇ ಓಡುವುದಾದರೆ, ಇನ್ನು ಸುಮ್ಮನಿರಬಾರದು. ಬಾನುಬಿಯ ಕೈಲಿ ಹೇಳಿಕಳಿಸಿ ದುರುಗಪ್ಪ ಕಾಕಾನನ್ನು ಕರೆಸಿದಳು.

ದುರುಗಪ್ಪ ಕಾಕಾ ಕವಿತಾಳದ ಕಡೆಯವನು. ಶೇಂಗಾ ಹೊಲದ ಬದುಗಳಲ್ಲಿ ಇಲಿ ಹಿಡಿಯುವುದರಲ್ಲಿ ಪಳಗಿದ ಕೈ. ಅವನ ಹತ್ತಿರ ಒಂದು ಕರಿ ಗಡಿಗೆ, ಅದರ ತಳಕ್ಕೆ ಹೆಬ್ಬೆರಳು ಹೋಗುವಷ್ಟು ತೂತು. ಗಡಿಗೆಯಲ್ಲಿ ಹುಲ್ಲು, ಕೆಂಡ, ಒಂದು ಹಿಡಿ ಒಣಮೆಣಸಿನಕಾಯಿ. ಗಡಿಗೆಯ ಬಾಯಿಯನ್ನು ಬಿಲಕ್ಕೆ ಒತ್ತಿ ತಳದ ತೂತಿನಿಂದ ಊದಿದರೆ ಹೊಗೆಯೆಲ್ಲ ನೆಲದೊಳಗೆ ಹೋಗುತ್ತದೆ. ಒಂದು ಬಿಲ ಬಿಟ್ಟು ಉಳಿದವನ್ನೆಲ್ಲ ಮುಚ್ಚಬೇಕು. ತೆರೆದ ಬಿಲದಲ್ಲಿ ಇಲಿಗಳು ಹೊರಬೀಳುತ್ತವೆ, ಅಲ್ಲಿ ಬಡಿಗೆ ಹಿಡಿದು ಕೂರಬೇಕು. ಹೊಗೆ ಎಲ್ಲೆಲ್ಲಿ ಏಳುತ್ತದೆ ನೋಡಿ ಕೂಗಿ ಹೇಳಲು ಚುರುಕು ಕಣ್ಣಿನವರು ಬೇಕು. ಅವನು ನನ್ನನ್ನು ಆರಿಸಿಕೊಂಡ.

ಅವ್ವ ಆಗ ಬೋರಿನ ಹತ್ತಿರ ನೀರಿನ ಪಾಳಿಗೆ ಹೋಗಿದ್ದಳು. ಹೋಗುವ ಮುನ್ನ ಖೋಲಿಯ ಬಾಗಿಲಿಗೆ ಬಾಯಿ ಹಚ್ಚಿ ಹೇಳಿದ್ದು ನನಗೆ ಕೇಳಿಸಿತ್ತು.

"ಹುಲಿಗಿ, ಹಿತ್ತಲಕ್ಕ ಗಂಡಸು ಬರ್ತಾನ. ಅಂವ ಹೋಗೋತನಕ ಉಸುರು ಬಿಡಬ್ಯಾಡ. ಗೊತ್ತಾತಿಲ್ಲೋ?"

"ಹೂಂ ಯವ್ವಾ."

ಕೋಳಿಗಳನ್ನೆಲ್ಲ ಬುಟ್ಟಿಗಳ ಕೆಳಗೆ ಮುಚ್ಚಿಟ್ಟೆವು. ಬಿಸಿಲು ಏರುತ್ತಿತ್ತು. ದುರುಗಪ್ಪ ಕಾಕಾ ಗಡಿಗೆ ಹೊತ್ತಿಸುತ್ತ ಖೋಲಿಯ ಕಡೆ ಗದ್ದ ಎತ್ತಿದ.

"ಇದರಾಗ ಏನದ ಯವ್ವಾ?"

"ಕುಳ್ಳು," ಅಂದಳು ಆಯಿ.

"ಬರೇ ಕುಳ್ಳು?"

"ಕುಳ್ಳು, ಕಟ್ಟಿಗಿ. ನೀ ನಿನ್ನ ಕೆಲಸಾ ನೋಡಪ್ಪ."

ದೊಡ್ಡಾಕಿಯಾದ ಹುಡುಗಿ ಒಳಗಿದ್ದಾಳೆ ಎಂದು ಹೊರಗಿನ ಗಂಡಸಿಗೆ ಹೇಳುವುದು ಹೇಗೆ? ಆಯಿ ಸುಳ್ಳು ಹೇಳಿದಳು ಎಂದು ನನಗೆ ಆಗ ಅನ್ನಿಸಲೇ ಇಲ್ಲ. ಅದು ಮಾನದ ಮಾತು.

ಅವನು ಊದತೊಡಗಿದ. ಗೂಡಿನ ಎಡಕ್ಕೆ ನೀಲಿ ಹೊಗೆ ಎದ್ದಿತು, "ಕಾಕಾ ಇಲ್ಲಿ!" ಅಂದೆ, ಹಸಿ ಮಣ್ಣು ಮೆತ್ತಿದೆ. ಬಚ್ಚಲ ಕಲ್ಲಿನ ಬದಿಗೆ ಎದ್ದಿತು, ಮೆತ್ತಿದೆ. ಬೇವಿನ ಬೇರಿನಲ್ಲಿ ಎದ್ದಿತು, ಮೆತ್ತಿದೆ. "ಭಲೇ ನನ್ನ ಮಗಳ, ನಿನ್ನ ಕಣ್ಣು ಹದ್ದಿನ ಕಣ್ಣು ನೋಡು!" ಅಂದ ಕಾಕಾ. ಆ ಮಾತಿಗೆ ನಾನು ಉಬ್ಬಿಹೋದೆ. ಆಮೇಲೆ ಖೋಲಿಯ ಬಾಗಿಲ ಸಂದಿಯಲ್ಲಿ ಹೊಗೆ ತೆಳ್ಳಗೆ ನೆಕ್ಕಿದಂತೆ ಹೊರಬಂತು.

"ಕಾಕಾ, ಇಲ್ಲೂ ಬಂತು!"

"ಹೊಗಿ ಸೋರಿ ಹೊಂಟದ. ಹಸಿ ಚೀಲ ತುರುಕು, ಗಟ್ಟಿ ತುರುಕು!"

ಆಯಿ ಬಾಯಿ ತೆರೆದಳು. ನಾನು ನೋಡಿದೆ. ತೆರೆದು, ಕಾಕಾನ ಬೆನ್ನು ನೋಡಿ, ಮುಚ್ಚಿದಳು. ನಾನು ಬಚ್ಚಲಲ್ಲಿ ನೆನೆದಿದ್ದ ಗೋಣಿಚೀಲ ತಂದು ಮಡಚಿ ಸಂದಿಗೆ ತುರುಕಿದೆ. ಆಗ ಒಳಗಿನಿಂದ ಚರಿಗೆಯ ಬಡಿತ ಕೇಳಿಸಿತು. ಮೆಲ್ಲಗೆ. ಗಂಡಸಿಗೆ ಕೇಳಬಾರದೆಂಬಷ್ಟು ಮೆಲ್ಲಗೆ. ಒಂದು, ಎರಡು, ಮೂರು.

ನನಗೆ ಅದರ ಅರ್ಥ ಗೊತ್ತಿತ್ತು. ಆ ಆಟ ಕಟ್ಟಿದವರಲ್ಲಿ ನಾನೂ ಒಬ್ಬಳು. ಮೂರು ಎಂದರೆ ಹೊರಗೆ ಹೋಗಬೇಕು, ಸರಪಳಿ ತೆಗೆ. ನಾನು ಬಾಗಿಲಿಗೆ ಬಾಯಿ ಹಚ್ಚಿ ಪಿಸುಗುಟ್ಟಿದೆ.

"ತಡಿ ಅಕ್ಕಾ. ಕಾಕಾ ಇನ್ನೂ ಅದಾನ."

ಮತ್ತೆ ಮೂರು. ಮತ್ತೆ ಮೂರು. ನನ್ನ ಗಮನ ಚೀಲದ ಮೇಲಿತ್ತು, ಯಾಕೆಂದರೆ ಚೀಲ ಅಲುಗುತ್ತಿತ್ತು. ಒಳಗಿನಿಂದ ಏನೋ ಅದನ್ನು ಒತ್ತುತ್ತಿತ್ತು. ಒಂದು ಮೂಲೆ ಹೊರಗೆ ಬಂತು. ಹೆಗ್ಗಣ ಎಂದುಕೊಂಡೆ. ಗೆಜ್ಜೆ ಕಟ್ಟಿದ ಕಾಲಿನಿಂದ ಒಳಕ್ಕೆ ದಬ್ಬಿದೆ. ಅದು ಮತ್ತೆ ಬಂತು. ಕೂತು, ಎರಡೂ ಹಿಮ್ಮಡಿ ಕೊಟ್ಟು, ಮೈಯ ಬಲವೆಲ್ಲ ಹಾಕಿ ದಬ್ಬಿ ಹಿಡಿದೆ. ಆಚೆ ಇದ್ದದ್ದಕ್ಕೂ ಬಲವಿತ್ತು. ಚೀಲ ನನ್ನ ಪಾದಕ್ಕೆ ಬೆಚ್ಚಗೆ ತಾಕುತ್ತಿತ್ತು. ಆಮೇಲೆ ಆ ಬಲ ಕಡಿಮೆಯಾಯಿತು. ಗೆದ್ದೆ ಎಂದು ನನಗೆ ಖುಷಿಯಾಯಿತು. ಇದನ್ನು ಬರೆಯದೆ ಬಿಡಬಹುದಿತ್ತು. ಆದರೆ ಖುಷಿಯಾದದ್ದು ನಿಜ.

ದುರುಗಪ್ಪ ಕಾಕಾ ಊದುವುದನ್ನು ನಿಲ್ಲಿಸಿ ಕಣ್ಣು ಒರೆಸಿಕೊಂಡ. ತೆರೆದ ಬಿಲದಲ್ಲಿ ಒಂದು ಇಲಿಯೂ ಬಂದಿರಲಿಲ್ಲ.

"ಇಷ್ಟು ಹೊಗಿ ಎಲ್ಲಿ ಹೊಂಟದ? ಇಲಿ ಎಲ್ಲಿ ಕುಂತಾವ?"

ಆ ಹೊತ್ತಿಗೆ ಖೋಲಿಯೊಳಗೆ ಚರಿಗೆ ಬಿತ್ತು. ಬಿದ್ದು, ಪರಸಿಯ ಮೇಲೆ ಗಣಗಣ ಉರುಳಿ, ಎಲ್ಲೋ ತಾಕಿ ನಿಂತಿತು. ಕಾಕಾ ಗಡಿಗೆ ಕೆಳಗಿಟ್ಟ.

"ಯವ್ವಾ, ಕುಳ್ಳು ಚರಿಗಿ ಉಳ್ಳಸ್ತಾವೇನು?"

ಆಯಿಯ ಮುಖ ಸುಣ್ಣದಂತಾಗಿತ್ತು. ಕಾಕಾ ನನ್ನ ಕಡೆ ತಿರುಗಿದ.

"ಒಳಗ ಯಾರದಾರ ಬೇ?"

ಆಯಿಯ ಕಣ್ಣು ನನ್ನ ಮೇಲಿತ್ತು. ಎಷ್ಟು ಹೊತ್ತು ಸುಮ್ಮನಿದ್ದೆನೋ ತಿಳಿಯದು. ಈ ಮೂವತ್ತು ವರ್ಷಗಳಲ್ಲಿ ಅದನ್ನು ಅಳೆಯಲು ನೋಡಿದ್ದೇನೆ. ಕೆಲವು ಸಲ ಅದು ಒಂದು ಉಸಿರಿನಷ್ಟು, ಕೆಲವು ಸಲ ಒಂದು ಮಧ್ಯಾಹ್ನದಷ್ಟು ಉದ್ದ.

"ಅಕ್ಕ," ಅಂದೆ.

ಅವನು ಎರಡೇ ಹೆಜ್ಜೆಗೆ ಬಂದು, ಸರಪಳಿಯನ್ನು ತೆಗೆಯದೆ ಕೊಂಡಿ ಸಮೇತ ಕಿತ್ತ. ಬಾಗಿಲು ಪೂರ್ತಿ ತೆರೆಯಲಿಲ್ಲ, ಹಿಂದೆ ಏನೋ ಅಡ್ಡ ಇತ್ತು. ಹೊಗೆ ಒಮ್ಮೆಲೇ ಹೊರಗೆ ಸುರಿಯಿತು. ಅದರ ಜೊತೆ ಇಲಿಗಳು, ಹತ್ತೋ ಇಪ್ಪತ್ತೋ, ನನ್ನ ಪಾದಗಳ ಮೇಲಿಂದಲೇ ಹಾದುಹೋದವು. ಅಡ್ಡ ಇದ್ದದ್ದು ಹುಲಿಗಿ. ಬಾಗಿಲಿಗೆ ಒತ್ತಿ ಬೋರಲು ಮಲಗಿದ್ದಳು. ಅವಳ ಬಾಯಿ, ಮೂಗು ಸಂದಿಗೆ ಹತ್ತಿದ್ದವು. ಎರಡೂ ಅಂಗೈ ನನ್ನ ಚೀಲದ ಮೇಲಿದ್ದವು.

"ಮುಟ್ಟಬ್ಯಾಡೋ!" ಎಂದು ಆಯಿ ಚೀರಿದಳು. ಮರುಕ್ಷಣವೇ ತನ್ನ ಬಾಯಿಯನ್ನು ತಾನೇ ಕೈಯಿಂದ ಬಡಿದುಕೊಂಡಳು. ಕಾಕಾ ಕೇಳಿಸಿಕೊಳ್ಳಲಿಲ್ಲ. ಅರ್ಧ ತೆರೆದ ಬಾಗಿಲಲ್ಲಿ ತೂರಿ, ಅವಳನ್ನು ಹೆಗಲಿಗೆ ಹಾಕಿಕೊಂಡು ಬಂದು ಬೇವಿನ ಕೆಳಗೆ ಮಗ್ಗುಲಾಗಿ ಮಲಗಿಸಿದ, ಮುಖಕ್ಕೆ ನೀರು ಗೊಜ್ಜಿದ, ಬೆನ್ನು ಗುದ್ದಿದ. ಅವಳ ತುಟಿ ನೇರಳೆ ತಿಂದಂತಿದ್ದವು. ಆಯಿ ಸೆರಗಿನಿಂದ ಗಾಳಿ ಹಾಕುತ್ತ ಒಂದೇ ಮಾತು ಹೇಳುತ್ತಿದ್ದಳು: "ನನ್ನ ಬಾಯಿಗಿ ಏನಾಗಿತ್ತಬೇ, ನನ್ನ ಬಾಯಿಗಿ ಏನಾಗಿತ್ತು." ಬುಟ್ಟಿಗಳ ಕೆಳಗೆ ಕೋಳಿಗಳು ಅರಚುತ್ತಿದ್ದವು. ಅವ್ವ ನೀರಿನ ಕೊಡ ಹೊತ್ತು ಹಿತ್ತಲ ಬಾಗಿಲಿಗೆ ಬಂದವಳು ಕೊಡ ಅಲ್ಲೇ ಬಿಟ್ಟಳು. ಮೈಲಿಗೆ ಗೀಲಿಗೆ ಯಾವುದೂ ನೆನಪಾಗದೆ ಮಗಳನ್ನು ಬಾಚಿ ತಬ್ಬಿದಳು. ಆಗ ಹುಲಿಗಿ ಕೆಮ್ಮಿದಳು. ಕೆಮ್ಮಿ, ವಾಂತಿ ಮಾಡಿ, ಕಣ್ಣು ಬಿಡಲಾಗದೆ ಬಿಟ್ಟು, ಎದುರಿಗೆ ಗಂಡಸನ್ನು ಕಂಡು ಮುಖಕ್ಕೆ ಸೆರಗು ಹುಡುಕಿದಳು. ಅವಳಿಗೆ ಸೆರಗು ಇರಲಿಲ್ಲ, ಲಂಗ ತೊಟ್ಟಿದ್ದಳು. ಕಾಕಾ ತಾನೇ ತಿರುಗಿ ನಿಂತ.

ದವಾಖಾನೆಯಲ್ಲಿ ಮೂರು ದಿನ ಇದ್ದಳು. ಮೂಲೆಯ ದಿನಗಳನ್ನು ಮುಗಿಸಲಿಲ್ಲ, ಮುಗಿಸಬೇಕೆಂದು ಆಯಿಯೂ ಹೇಳಲಿಲ್ಲ. ಆದರೆ ಓಣಿಗೆ ಹೇಳುವ ಮಾತನ್ನು ಆಯಿಯೇ ಕಟ್ಟಿದಳು: ಬಾಗಿಲು ತೆಗೆದದ್ದು ಸಣ್ಣಿ, ಎತ್ತಿಕೊಂಡು ಬಂದದ್ದು ಅವ್ವ. ದುರುಗಪ್ಪ ಅಷ್ಟು ಹೊತ್ತಿಗಾಗಲೇ ಹೋಗಿಬಿಟ್ಟಿದ್ದ ಎಂದೂ ಸೇರಿಸಿದಳು. ಮೈನೆರೆದ ಹುಡುಗಿಯನ್ನು ಪರ ಗಂಡಸು ಹೊತ್ತ ಎಂದರೆ ನಾಳೆ ಯಾರು ಕೇಳಿಕೊಂಡು ಬರುತ್ತಾರೆ? ಭಾನುವಾರ ಬಂದ ಅಪ್ಪನಿಗೂ ಅದನ್ನೇ ಹೇಳಿದರು. ಅಪ್ಪ ನನ್ನ ತಲೆ ಸವರಿ, ಮಾನ್ವಿಯಿಂದ ತಂದಿದ್ದ ಜಿಲೇಬಿಯಲ್ಲಿ ದೊಡ್ಡದನ್ನು ನನಗೆ ಕೊಟ್ಟ. ನಾನು ತಿಂದೆ. ದುರುಗಪ್ಪ ಕಾಕಾ ಮತ್ತೆಂದೂ ನಮ್ಮ ಮನೆಗೆ ಬರಲಿಲ್ಲ. ಅವನ ಗಡಿಗೆ ಮಾತ್ರ ಬಹಳ ದಿನ ಗೂಡಿನ ಬದಿಗೆ ಬಿದ್ದಿತ್ತು, ಆಮೇಲೆ ಅವ್ವ ಅದನ್ನು ಒಡೆದು ಹಾಕಿದಳು. ಕೋಳಿಗಳನ್ನು ಬಾನುಬಿಗೆ ಕೊಟ್ಟುಬಿಟ್ಟಳು. ಇಲಿಗಳು ಅವುಗಳ ಹಿಂದೆಯೇ ಗೋಡೆ ದಾಟಿದವು.

ನಾನೀಗ ರಾಯಚೂರಿನಲ್ಲಿ ಕಾಲೇಜು ಹುಡುಗರಿಗೆ ಪಾಠ ಹೇಳುತ್ತೇನೆ. ಬಾಡಿಗೆ ಮನೆಯ ಬಚ್ಚಲಿಗೆ ಚಿಲಕ ಹಾಕುವುದಿಲ್ಲ. ಪಕ್ಕದ ಮನೆಯ ಒಗ್ಗರಣೆಯಲ್ಲಿ ಮೆಣಸಿನಕಾಯಿ ಸೀದರೆ ಮೊದಲು ಎದ್ದು ಬಾಗಿಲುಗಳನ್ನೆಲ್ಲ ತೆರೆಯುತ್ತೇನೆ. ಒಂದು ಸಲ, ಮನೆಯಲ್ಲಿ ಯಾರೂ ಇಲ್ಲದಾಗ, ಒದ್ದೆ ಚೀಲವನ್ನು ಮಡಚಿ ಕೋಣೆಯ ಬಾಗಿಲ ಸಂದಿಗೆ ಇಟ್ಟು, ಒಳಗೆ ಬೋರಲು ಮಲಗಿ, ಅಂಗೈಯಿಂದ ದಬ್ಬಿ ನೋಡಿದೆ. ಆಚೆ ಯಾರೂ ಇಲ್ಲದಿದ್ದರೆ ಅದು ಎಷ್ಟು ಸುಲಭವಾಗಿ ಸರಿಯುತ್ತದೆ. ಒಂದು ಮಗುವಿನ ಕೈಗೂ ಸರಿಯುತ್ತದೆ.

ಹುಲಿಗಿ ಈಗ ಮಾನ್ವಿಯಲ್ಲಿದ್ದಾಳೆ, ಅಂಗನವಾಡಿಯಲ್ಲಿ ಕೆಲಸ. ಹೋದ ವರ್ಷ ಅವಳ ಮಗಳು ದೊಡ್ಡಾಕಿಯಾದಾಗ ಹೋಗಿದ್ದೆ. ಹುಡುಗಿ ಪಡಸಾಲೆಯಲ್ಲಿ, ಫ್ಯಾನಿನ ಕೆಳಗೆ, ಎರಡೂ ಬಾಗಿಲು ತೆರೆದಿಟ್ಟ ಜಾಗದಲ್ಲಿ ಕೂತು ಟೀವಿ ನೋಡುತ್ತಿದ್ದಳು. ಹುಲಿಗಿ ತತ್ತಿ ಒಡೆಯುತ್ತಿದ್ದಳು. ಅವಳ ಹಿತ್ತಲಲ್ಲೂ ನಾಲ್ಕು ಕೋಳಿ, ತಂತಿ ಜಾಳಿಗೆಯ ಗೂಡು, ಕೆಳಗೆ ಸಿಮೆಂಟು. ಇಲಿ ಬರುವುದಿಲ್ಲವೇ ಎಂದು ಕೇಳಿದೆ. ಬಂದರೆ ಬರಲಿ, ಬೋನು ಇದೆ ಎಂದಳು. ಆಮೇಲೆ ಬಟ್ಟಲಿಗೆ ಎಣ್ಣೆ ಸುರಿಯುತ್ತ, ಇಷ್ಟು ವರ್ಷ ನನ್ನ ಮುಂದೆ ಎಂದೂ ಎತ್ತದ ಮಾತು ಎತ್ತಿದಳು.

"ಆವತ್ತು ನೀ ಇಲ್ಲಾಂದ್ರ ನಾ ಉಳಿತಿದ್ದಿಲ್ಲ ಸಣ್ಣಿ."

"ಬಾಗಲಾ ತಗದಾಂವ ದುರುಗಪ್ಪ ಕಾಕಾ ಅಕ್ಕಾ."

"ಅದು ಗೊತ್ತದ ನನಗ. ಅಂವನ ಹೆಗಲ ಮ್ಯಾಲ ಶೇಂಗಾ ಹೊಟ್ಟಿನ ವಾಸನಿ ಇತ್ತು, ಅವ್ವನ ಹೆಗಲಿಗಿ ಆ ವಾಸನಿ ಎಲ್ಲಿಂದ ಬರಬೇಕು? ನಾ ಹೇಳಾಕತ್ತಿದ್ದು ಚೀಲದ ಮಾತು. ಯಾರೋ ಹಸಿ ಚೀಲ ತುರುಕಿದ್ರು. ನೀ ಹೊರಗಿಂದ ಅದನ್ನ ಎಳಿಯಾಕತ್ತಿದ್ದಿ, ನಾ ಒಳಗಿಂದ ನೂಕಾಕತ್ತಿದ್ದೆ. ನಿನ್ನ ಕಾಲ್ಗೆಜ್ಜಿ ಸಪ್ಪಳಾ ಕೇಳಸ್ತಿತ್ತು ನನಗ. ಅದನ್ನ ಕೇಳಕೋತ ಇದ್ದೆ. ಸಣ್ಣಿ ಅದಾಳ, ಬಿಡಂಗಿಲ್ಲ ಅಂತ."

ಮಗಳು ಟೀವಿಯಿಂದ ಕಣ್ಣು ತೆಗೆದು ನನ್ನನ್ನು ನೋಡಿ ನಕ್ಕಳು. ಅವಳಿಗೂ ಈ ಕಥೆ ಹೀಗೇ ಗೊತ್ತು. ನಾನು ತತ್ತಿಯ ಬಟ್ಟಲನ್ನು ಅವಳ ಕೈಗೆ ಕೊಟ್ಟು, ಮೂಗು ಹಿಡಕೊಂಡು ನುಂಗಿಬಿಡವ್ವ ಎಂದೆ. ಸಂಜೆಯ ಬಸ್ಸಿಗೆ ರಾಯಚೂರಿಗೆ ಬಂದೆ.

ನಾನು ಬರೆದದ್ದನ್ನೆಲ್ಲ ಮೊದಲು ಓದುವವಳು ಹುಲಿಗಿ. ಸಾಲಿನ ಕೆಳಗೆ ಬೆರಳಿಟ್ಟು ನಿಧಾನ ಓದುತ್ತಾಳೆ, ಮುಗಿದ ಮೇಲೆ ಫೋನು ಮಾಡುತ್ತಾಳೆ. ಇದನ್ನೂ ಓದುತ್ತಾಳೆ. ಬೆರಳು ಈ ಸಾಲಿಗೂ ಬರುತ್ತದೆ.

ಅಕ್ಕಾ, ನಾನು ಎಳೆಯುತ್ತಿರಲಿಲ್ಲ. ನೀನು ಆ ಕಡೆಯಿಂದ ನೂಕುತ್ತಿದ್ದೆ, ನಾನು ಈ ಕಡೆಯಿಂದ.